ಇಸ್ಸೂಫು ಯಾರ ಮನೆಯವನು

ಏಪ್ರಿಲ್ 5, ಶುಕ್ರವಾರ
ಊಟಕ್ಕೆ ಕುಸ್‌ಕುಸ್ ಒಲೆ ಮೇಲಿದೆ. ಟ್ರಿಪೋಲಿಯ ಅಂಚಿಗೆ ಶೆಲ್ ಬೀಳ್ತಿವೆಯಂತೆ. ನಮ್ಮೆಜಮಾನ್ರು ಮಿಲೂದ್ ಟೀವಿ ಬಿಟ್ಟು ಏಳಲ್ಲ. ಇಸ್ಸೂಫು ಆಲಿವ್ ಗಿಡಕ್ಕೆ ನೀರು ಬಿಡ್ತಾ ನಗಾಡಿದ — "ನಿಮ್ಮವರ ಜಗಳ ಮುಗಿಯೋದೇ ಇಲ್ವಾ ಅಮ್ಮಾ? ನಮ್ಮ ನೈಜರ್‌ನಲ್ಲಿ ಜಗಳಾಡೋಕೂ ಪುರುಸೊತ್ತಿಲ್ಲ." ವರ್ಷಗಳಿಂದ ನಮ್ಮನೆ ಕೆಲಸ ಮಾಡ್ಕೊಂಡು ಹಿತ್ತಲ ಕೋಣೆಯಲ್ಲಿದ್ದಾನೆ. ಮಗಳು ರತೀಬಾ ಸೈಕಲ್ ಕಲಿತದ್ದು ಇವನಿಂದಲೇ.

ಏಪ್ರಿಲ್ 9
ಪಕ್ಕದ ಬೀದಿಗೇ ಶೆಲ್ ಬಿತ್ತು. ನಾದಿನಿ ಮನೆಗೆ ಬಂದ್ವಿ. ಇಸ್ಸೂಫುಗೆ ಕಾರಲ್ಲಿ ಜಾಗ ಇರಲಿಲ್ಲ... ಸುಳ್ಳು. ಹಿಂದಿನ ಸೀಟಲ್ಲಿ ಟೀವಿ, ಜಮಖಾನೆ.
"ಅವನಿರಲಿ. ಮನೆ ಖಾಲಿ ಬಿಟ್ರೆ ಬಾಗಿಲೂ ಉಳಿಯಲ್ಲ" ಅಂದ್ರು ಮಿಲೂದ್. ತಲೆಯಾಡಿಸಿದೆ.

ಏಪ್ರಿಲ್ 12
ಇಸ್ಸೂಫು ಫೋನ್. "ಕರಿಯರನ್ನ ಹಿಡೀತಿದಾರೆ ಅಮ್ಮಾ. ಬಂದು ಕರ್ಕೊಂಡ್ಹೋಗಿ."
ನಾಳೆ ಅಂದೆ. ಮಿಲೂದ್ ಪೆಟ್ರೋಲ್ ಇಲ್ಲ ಅಂದ್ರು.

ಏಪ್ರಿಲ್ 23
ಬರೆಯೋಕೆ ಕೈ ಬಂದಿರಲಿಲ್ಲ. ಅವನ ಫೋನ್ ಆಫ್. ಇವತ್ತು ಇಬ್ಬರೂ ಹೋದ್ವಿ. ಮನೆ ಇದೆ, ಅವನಿಲ್ಲ.
ವಾಪಸ್ ಬರುವಾಗ ಚೆಕ್‌ಪೋಸ್ಟ್. ಮರಳಿನ ಚೀಲ ಹೊರೋರ ನಡುವೆ — ಅವನು! ಬರಿಗಾಲು. ಕಣ್ಣು ಊದಿ ಮುಚ್ಚಿಹೋಗಿದೆ.
"ಹನೀಯಮ್ಮಾ! ಹನೀಯಮ್ಮಾ!" ಓಡಿ ಬಂದ. ಬಂದೂಕಿನ ಹಿಡಿಯಲ್ಲಿ ಬಡಿದು ಕೆಡವಿದ್ರು.
ಎಳೆಯ ಸಿಪಾಯಿಯೊಬ್ಬ ಕಿಟಕಿಗೆ ಬಗ್ಗಿದ. "ಈ ನನ್ಮಗ ಆ ಕಡೆಯವರ ಬಾಡಿಗೆ ಬಂಟ. ನಿಮ್ಮನೆಯವನು ಅಂತಾನೆ. ಹೌದಾ?"
ಹೌದು ಅಂದಿದ್ರೆ ಮಿಲೂದ್‌ರನ್ನೂ ಇಳಿಸ್ತಿದ್ರು. ಎದುರುಮನೆಯವರನ್ನ ಹಾಗೇ ಒಯ್ದದ್ದು. ಮಿಲೂದ್ ನನ್ನ ಮುಖ ನೋಡಿದ್ರು. ಬಾಯಿ ಬಿಟ್ಟದ್ದು ನಾನು.
"ಇಲ್ಲಪ್ಪ. ಇವನನ್ನ ನೋಡೇ ಇಲ್ಲ."
ಇಸ್ಸೂಫು ಕೂಗೋದು ನಿಲ್ಲಿಸಿದ.
"ಹುಷಾರಾಗಿ ಹೋಗಿ ತಾಯಿ" ಅಂದ ಸಿಪಾಯಿ. ಎಷ್ಟು ಮರ್ಯಾದೆ!

ಮೇ 8, ರಂಜಾನ್
ಉಪವಾಸ ಬಿಡೋಕೆ ಶೋರ್ಬಾ ಸೂಪು. ಇಸ್ಸೂಫು ಎಲ್ಲಿ ಅಂತ ರತೀಬಾ ಕೇಳಿದ್ಲು. ಊರಿಗೆ ಹೋದ ಅಂದ್ರು ಅವಳಪ್ಪ. "ನೀನು ಮಾಡಿದ್ದು ಸರಿ" ಅಂತ ದಿನಾ ಹೇಳ್ತಾರೆ. ಸರಿಯಾಗಿದ್ರೆ ದಿನಾ ಯಾಕೆ ಹೇಳ್ಬೇಕು?
ನಿನ್ನೆ ಹೇಳದೆ ಕೇಳದೆ ಒಬ್ಬಳೇ ಆ ಚೆಕ್‌ಪೋಸ್ಟಿಗೆ ಹೋಗಿದ್ದೆ. ಅಲ್ಲಿ ಬೇರೆ ಸಿಪಾಯಿಗಳು. ಒಬ್ಬ, ಚೀಲ ಹೊರೋರ ಆ ಗುಂಪು ಶೆಲ್ಲಿಗೆ ಸಿಕ್ಕಿತು ಅಂದ. ಇನ್ನೊಬ್ಬ, ಜೈಲಿಗೆ ಸಾಗಿಸಿದ್ರು ಅಂದ. "ನಿಮಗೇನಾಗ್ಬೇಕು ಅವನು?"
ನಮ್ಮನೆಯವನು ಅಂದೆ. ಈಗ!

ಮೇ 19
ನೈಜರ್‌ನಿಂದ ಫೋನ್. ಅವನ ಹೆಂಡತಿ, ರಕಿಯಾ. ಮುರುಕು ಅರಬ್ಬಿ.
"ಏನಾದ್ರೂ ಆದ್ರೆ ಹನೀಯಮ್ಮ ಇದಾರೆ ಅಂತ ನಿಮ್ಮ ನಂಬರ್ ಕೊಟ್ಟಿದ್ರು."
ಹಿಡಕೊಂಡು ಹೋದ್ರಮ್ಮಾ ಅಂದೆ. ಅಳಲಿಲ್ಲ ಅವಳು.
"ನೀವು ಕಣ್ಣಾರೆ ನೋಡಿದ್ರಾ?"
ನೋಡಿದೆ. ನನ್ನ ಹೆಸರು ಹಿಡಿದು ಕೂಗಿದ ಅಂದೆ.
"ನೀವೇನಂದ್ರಿ ಅಮ್ಮಾ?"
ನಾನು —