ಹಿಂದಿನಿಂದ ಕರೆಯಬಾರದು

ಸರಸ್ವತಿಪುರಂ, ಮೈಸೂರು
೨೨ ಜುಲೈ ೨೦೧೭

ಪ್ರೀತಿಯ ಯೂನುಸ್,

ನೀನು ಬದುಕಿದ್ದೀಯ. ಅದನ್ನು ನನ್ನ ಕೈಯಲ್ಲೇ ಒಮ್ಮೆ ಬರೆದು ನೋಡಬೇಕು ಅನ್ನಿಸಿತು, ಬರೆದೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಕಾಗದದ ಫೋಟೋ ಬಂದು ಹನ್ನೊಂದು ದಿನವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ, ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದುಬಿಟ್ಟೆ. ಒತ್ತಕ್ಷರ ಇನ್ನೂ ತಪ್ಪುತ್ತೀಯ ಕಣೋ. ಒಂದನೇ ಕ್ಲಾಸಿನ ಪುಸ್ತಕ ಹಿಡಿದು ನಿನಗೆ ಕನ್ನಡ ಕಲಿಸಿದವಳು ನಾನು. ಆದರೂ ಈ ಸಲ ಕೆಂಪು ಗೀಟು ಹಾಕಲು ಕೈ ಬರಲಿಲ್ಲ.

ನಿಮ್ಮ ಮೋಸುಲ್ ಊರನ್ನು ಸೈನ್ಯ ಉಗ್ರರ ಕೈಯಿಂದ ವಾಪಸು ಪಡೆಯುವಷ್ಟು ಕಾಲವೂ ನಿನ್ನ ದೇವರಾಜು ಅಂಕಲ್ ಮನೆಯಲ್ಲೇ ಯುದ್ಧ ಮಾಡಿದರು. ಹೋದ ಅಕ್ಟೋಬರಿನಲ್ಲಿ ನಿಮ್ಮೂರಿನ ನಕ್ಷೆ ಪ್ರಿಂಟ್ ಹಾಕಿಸಿ ಊಟದ ಮನೆ ಗೋಡೆಗೆ ಅಂಟಿಸಿದರು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದ ಮನುಷ್ಯ, ಒಂದೊಂದು ಬಡಾವಣೆ ಬಿಡುಗಡೆಯಾದಾಗಲೂ ಪೆನ್ಸಿಲಿನಲ್ಲಿ ತುಂಬುವರು. ಜನವರಿಗೆ ನದಿಯ ಪೂರ್ವದ ದಡ ಪೂರ್ತಿ ಕಪ್ಪಾಯಿತು. "ಅರ್ಧ ಊರು ಬಂದ್ಬುಡ್ತು ಕಣೇ, ಇನ್ನು ಹುಡುಗನ ಮನೆ ಕಡೆ ಹೋಗ್ತಾರೆ" ಎಂದು ಕುಣಿದರು. ಆಮೇಲೆ ಪೆನ್ಸಿಲು ನಿಂತುಹೋಯಿತು. ಸೇತುವೆಗಳೆಲ್ಲ ಮುರಿದಿವೆ, ಹಳೆ ಊರಿನ ಗಲ್ಲಿಗಳಲ್ಲಿ ಗಾಡಿ ನುಗ್ಗುವುದಿಲ್ಲ, ಜನ ಒಳಗೇ ಸಿಕ್ಕಿಕೊಂಡಿದ್ದಾರೆ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ನಿನ್ನ ಮನೆ ಎಲ್ಲಿ ಅಂತ ನೀನು ತೋರಿಸಿದ್ದ ಜಾಗಕ್ಕೆ ಅಂಕಲ್ ಒಂದು ಚುಕ್ಕಿ ಇಟ್ಟಿದ್ದರು. ನಾಲ್ಕು ತಿಂಗಳು ಆ ಚುಕ್ಕಿ ನೋಡಿಕೊಂಡೇ ನಾನು ಅನ್ನ ಬಡಿಸಿದ್ದೇನೆ.

ಗೆದ್ದರು ಅಂತ ಟೀವಿಯಲ್ಲಿ ಬಂದ ಮಾರನೆಯ ದಿನವೇ ನಿನ್ನ ಕಾಗದ ಬಂತು. ಎದುರು ಮನೆಯ ಬ್ಯಾಂಕಿನ ಧರಣಿಯ ಫೋನಿನಲ್ಲಿ ಅಂಕಲ್ ಓದಿದರು. ಅಮ್ಮನನ್ನು ಬೆನ್ನ ಮೇಲೆ ಹೊತ್ತು ಗಲ್ಲಿ ದಾಟಿಸಿದೆ, ಈಚೆ ಬಂದ ಮೇಲೆ ರಂಜಾನಿನ ಮೂರನೇ ವಾರ ಹೋಗಿಬಿಟ್ಟರು ಎಂದು ಬರೆದಿದ್ದೀಯ. ಅಲ್ಲಿಗೆ ಅಂಕಲ್ ಕನ್ನಡಕ ತೆಗೆದಿಟ್ಟರು. ಉಳಿದದ್ದು ನಾನೇ ಓದಿದೆ.

ನಿನ್ನಮ್ಮನಿಗೆ ಬರುತ್ತಿದ್ದ ಕನ್ನಡ ಎರಡೇ ಮಾತು. "ಊಟ" ಮತ್ತು "ಬೇಡ". ಶುಕ್ರವಾರ ಅವರು ಲ್ಯಾಂಡ್‌ಲೈನಿಗೆ ಮಾಡಿದಾಗಲೆಲ್ಲ ನಾನು ನಿನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಲು ಹೋಗುತ್ತಿದ್ದೆ, ನೀನು ಬೇಡ ಬೇಡ ಅನ್ನುತ್ತಿದ್ದೆ, ಅದನ್ನು ಕೇಳಿಯೇ ಅವರು ಕಲಿತದ್ದು. ಒಬ್ಬರ ಮುಖ ಒಬ್ಬರು ನೋಡದೆ ನಾವಿಬ್ಬರು ಆ ಎರಡು ಮಾತಿನಲ್ಲೇ ನಿನ್ನನ್ನು ಸಾಕಿದೆವು.

ನಿನಗೆ ನೆನಪಿದೆಯಾ, ಗಂಗೋತ್ರಿಯಲ್ಲಿ ನಿನ್ನ ಪಿಎಚ್‌ಡಿ ಸೆಮಿನಾರಿದ್ದ ದಿನ ನೀನು ಗೇಟು ದಾಟಿದ್ದೆ, ಅಂಕಲ್ ಹಿಂದಿನಿಂದ "ಯೂನುಸ್, ಛತ್ರಿ ಮರ್ತೆ ಕಣೋ!" ಎಂದು ಕೂಗಿಬಿಟ್ಟರು. ಹೊರಟವರನ್ನು ಹಿಂದಿನಿಂದ ಕರೀತಾರೇನ್ರೀ ಎಂದು ಅವರಿಗೆ ಮಂಗಳಾರತಿ ಮಾಡಿ, ನಿನ್ನನ್ನು ಒಳಗೆ ಕರೆದು ಕೂರಿಸಿ, ಒಂದು ಲೋಟ ನೀರು ಕುಡಿಸಿ ಮತ್ತೆ ಕಳಿಸಿದೆ. "ನೀರು ಕುಡಿದರೆ ದೋಷ ಹೋಯಿತಾ, ಟೀಚರಮ್ಮ?" ಎಂದು ನಕ್ಕಿದ್ದೆ ನೀನು.

ಇನ್ನು ನಿನ್ನ ಪ್ರಶ್ನೆ. "ನನ್ನ ರೂಮು ಖಾಲಿ ಇದೆಯಾ, ನಾನು ವಾಪಸು ಬರಬಹುದಾ?" ಎಂದು ಕೇಳಿದ್ದೀಯ. ಮಹಡಿ ರೂಮಿನಲ್ಲಿ ಟ್ಯುಟೋರಿಯಲ್ಲಿನ ಮೇಷ್ಟ್ರು ಒಬ್ಬರಿದ್ದಾರೆ, ಈ ತಿಂಗಳ ಕೊನೆಗೆ ಬಿಡುತ್ತಾರೆ. ಅಂಕಲ್ ನಿನ್ನ ಗೈಡನ್ನು ನೋಡಿಬಂದರು. ಅರ್ಜಿ ಕಳಿಸಲಿ, ನೋಡೋಣ ಅಂದರಂತೆ. ನಿನ್ನ ಪುಸ್ತಕಗಳು ಅಟ್ಟದ ಮೇಲಿವೆ, ಎರಡಕ್ಕೆ ಮಾತ್ರ ಗೆದ್ದಲು ಹಿಡಿದಿದೆ.

ಚಾಮುಂಡಿ ತಾಯಿಯೂ ನಿನ್ನ ಅಲ್ಲಾಹನೂ ಸೇರಿ ನಿನ್ನನ್ನು ಕಾಯಲಿ. ಹೊತ್ತು ಹೊತ್ತಿಗೆ ತಿನ್ನು.

ನಿನ್ನ ಟೀಚರಮ್ಮ,
ಶಿವನಂಜಮ್ಮ

ಮರೆತ ಮಾತು: ಮರೆತೆ ಅನ್ನುವುದು ಸುಳ್ಳು. ಇದಕ್ಕಾಗಿಯೇ ಮೂರು ಸಲ ಎದ್ದದ್ದು. ಮೂರು ವರ್ಷದ ಹಿಂದೆ, ಜೂನಿನಲ್ಲಿ, ನೀನು ಒಂದು ತಿಂಗಳ ರಜೆಗೆಂದು ಊರಿಗೆ ಹೊರಟೆಯಲ್ಲ, ನೀನು ಆಟೋ ಹತ್ತುತ್ತಿದ್ದಾಗ ಲ್ಯಾಂಡ್‌ಲೈನ್ ಬಡಿಯಿತು. ನಿನ್ನಮ್ಮ. ಅಳುತ್ತಿದ್ದರು. "ಯೂನುಸ್ ಬೇಡ, ಬೇಡ, ಬೇಡ" ಅಂದರು. ನನಗೆ ಅರ್ಥವಾಯಿತು. ಗೇಟಿಗೆ ಓಡಿದೆ. ಆಟೋ ಇನ್ನೂ ಬೀದಿಯ ಕೊನೆ ಮುಟ್ಟಿರಲಿಲ್ಲ, ಒಂದು ಕೂಗು ಹಾಕಿದ್ದರೆ ನಿಲ್ಲುತ್ತಿತ್ತು. ದೂರದ ಪ್ರಯಾಣ, ಹಿಂದಿನಿಂದ ಕರೆಯಬಾರದು ಎಂದು ಬಾಯಿ ಕಟ್ಟಿಕೊಂಡೆ. ನಿನ್ನ ಮೊಬೈಲಿಗೆ ಮಾಡಿದರೆ ಅದು ನಮ್ಮ ನಡುಮನೆಯಲ್ಲೇ ಬಡಿದುಕೊಂಡಿತು, ಬರುವವರೆಗೆ ಇರಲಿ ಎಂದು ನೀನೇ ಅಂಕಲ್ಲಿಗೆ ಕೊಟ್ಟು ಹೋಗಿದ್ದೆ. ತಾಯಿಯಲ್ಲವೇ, ಸುಮ್ಮನೆ ಹೆದರಿದ್ದಾರೆ ಅಂದುಕೊಂಡೆ. ಅಂಕಲ್ಲಿಗೂ ಹೇಳಲಿಲ್ಲ, ಹೇಳಿದ್ದರೆ ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದರು. ನಾಲ್ಕೈದು ದಿನಕ್ಕೆ ನಿಮ್ಮೂರು ಆ ಉಗ್ರರ ಕೈಗೆ ಬಿತ್ತು.

ಅಮ್ಮ ನಿನಗೆ ಇದನ್ನು ಹೇಳಿದ್ದರೋ ಇಲ್ಲವೋ ಗೊತ್ತಿಲ್ಲ. ನನ್ನ ಮನೆಗೆ ಬರುವ ಮೊದಲು ನಿನಗೆ ಗೊತ್ತಿರಬೇಕು. ಕೋಪ ಬಂದರೆ ಬಾರದಿರು, ನಾನು ತಪ್ಪು ತಿಳಿಯುವುದಿಲ್ಲ. ಅವತ್ತು ಕೂಗಬೇಕಿದ್ದದ್ದನ್ನು ಇವತ್ತು ಕೂಗುತ್ತಿದ್ದೇನೆ. ಯೂನುಸ್, ನಿಲ್ಲು. ವಾಪಸು ಬಾ. ಒಳಗೆ ಬಂದು ಕೂತುಕೋ, ನೀರು ಕೊಡುತ್ತೇನೆ.