ಖಡಿ ಡಬ್ಬಿಯ ಅಳತೆ

ಬೆಟಗೇರಿ
ರವಿವಾರ, ೧೨ ಅಕ್ಟೋಬರ್ ೨೦೨೫

ತಂಗಿ ಸಾವಂತ್ರೆವ್ವಗೆ,

ಕ್ಷೇಮ ಎಂದು ಬರೆಯುವ ಸಾಲನ್ನು ಬಿಟ್ಟಿದ್ದೇನೆ. ಬರೆದರೆ ಎರಡೂ ಕಡೆ ಸುಳ್ಳಾಗುತ್ತದೆ. ಈ ಪತ್ರವನ್ನು ಸುಶ್ಮಿತಾಳ ಕೈಗೆ ಕೊಟ್ಟು ಓದಿಸಬೇಡ. ನೀನೇ ಓದಲೆಂದು ಅಕ್ಷರ ದಪ್ಪ ಮಾಡಿ ಬರೆಯುತ್ತಿದ್ದೇನೆ. ಮಗಳಿಗೆ ಅವಳಪ್ಪನ ವಿಷಯ ಎಷ್ಟು ಹೇಳಬೇಕು ಎಂಬುದು ಆಮೇಲೆ ನಿನಗೆ ಬಿಟ್ಟದ್ದು.

ಮೊನ್ನೆ ಶುಕ್ರವಾರ ಲಾಡಸಾಬ ನನ್ನ ಅಂಗಡಿಗೆ ಬಂದಿದ್ದ. ನಿಮ್ಮ ಹೊಂಬಳದ ಕಡೆ ರೈಲ್ವೆ ಗೇಟ್ ಕಾಯುವವನು, ನಿನಗೆ ಗೊತ್ತು. ಚಹಾ ತರಿಸಿದೆ, ಮುಟ್ಟಲಿಲ್ಲ. ನೀನು ಪ್ರತಿ ಮಂಗಳವಾರ ಗೂಡ್ಸ್ ಬರುವ ಹೊತ್ತಿಗೆ ಬಂದು ನಿಲ್ಲುತ್ತೀ ಎಂದ. ಮೊದಮೊದಲು ಗೇಟಿನ ಆಚೆ ನಿಲ್ಲುತ್ತಿದ್ದೆಯಂತೆ, ಆಮೇಲೆ ಗೇಟು ದಾಟಿ, ಈಗ ಹಳಿಯ ಪಕ್ಕದ ಖಡಿ ಕಲ್ಲಿನ ಮೇಲೆ. ಹೋದ ಮಂಗಳವಾರ ತೋಳು ಹಿಡಿದು ಎಳೆದುಕೊಂಡನಂತೆ. ಆಗ ನೀನು ಒಂದೇ ಮಾತು ಅಂದೆಯಂತೆ: "ನಾನಽ ಹೇಳೇನಿ ಅಂವಗ, ಗಾಡಿ ಕೆಳಗ ಬಿದ್ದು ಸಾಯಿ ಅಂತ."

ಲಾಡಸಾಬ ಹೋದ ಮೇಲೆ ನಾನು ಕೆಲಸಕ್ಕೆ ಕುಳಿತೆ. ನಾಲ್ಕು ಗಾಲಿ ಉಲ್ಟಾ ಕೂಡಿಸಿದೆ. ನಾನು ಅಂಥ ತಪ್ಪು ಮಾಡುವವನಲ್ಲ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಬರೆಯುವಷ್ಟರಲ್ಲಿ ಕೈಗೆ ರೂಢಿಯಾಗಲಿ. ನಾನು ರಬ್ಬರ್ ಶಿಕ್ಕಾ ಮಾಡುತ್ತ ಶುರು ಮಾಡಿದವನು. ಶಿಕ್ಕಾದಿಂದ ಹೆಸರಿನ ಫಲಕ, ಫಲಕದಿಂದ ಪ್ಲಾಸ್ಟಿಕ್ ಕತ್ತರಿಸುವ ಮಷಿನ್, ಮಷಿನ್ನಿನಿಂದ ಈ ಗೂಡ್ಸ್ ಡಬ್ಬಿಗಳು. ಪುಣೆ, ಮುಂಬಯಿ, ಕೊಯಮತ್ತೂರಿನ ದೊಡ್ಡ ಮನುಷ್ಯರು ಮನೆಯ ಒಂದು ಖೋಲಿ ತುಂಬ ಹಳಿ ಹಾಸಿ, ಗುಡ್ಡ ಕಟ್ಟಿ, ಸುರಂಗ ಕೊರೆದು ಗೂಡ್ಸ್ ಓಡಿಸುತ್ತಾರೆ. ಒಂದು ಫೂಟಿಗೆ ಮೂರೂವರೆ ಮಿಲಿಮೀಟರ್ ಲೆಕ್ಕ. ಖರೆ ಡಬ್ಬಿಯನ್ನು ಎಂಬತ್ತೇಳು ಪಾಲು ಮಾಡಿದರೆ ಒಂದು ಪಾಲು ನಮ್ಮದು, ಒಂದು ಗೇಣೂ ಇರುವುದಿಲ್ಲ. ನೀನು ಅದನ್ನು ಆಟಿಗಿ ಸಾಮಾನು ಎನ್ನುತ್ತಿದ್ದೆ. ಆಟಿಗಿಯೇ ಆಗಿದ್ದರೆ ನಿನ್ನ ಗಂಡ ತಿರಕಪ್ಪ ಇವತ್ತು ಇರುತ್ತಿದ್ದ. ಆಟಿಗಿಗೆ ಯಾರೂ ಅಳತೆ ಕೇಳುವುದಿಲ್ಲ.

ತಿರಕಪ್ಪನನ್ನು ನಾನು ಮೊದಲು ನೋಡಿದ್ದು ಮುಂಡರಗಿ ರಸ್ತೆಯ ಗ್ಯಾರೇಜಿನಲ್ಲಿ. ಲಾರಿಯ ಹಣೆಗೆ ಮಾಲೀಕನ ಹೆಸರು ಬರೆಯುತ್ತಿದ್ದ. ಗೆರೆ ಹೊಡೆದುಕೊಂಡಿರಲಿಲ್ಲ, ಆದರೂ ಸಾಲು ಸೊಟ್ಟಾಗಲಿಲ್ಲ. ಅಂಥ ಕೈಯನ್ನು ಲಾರಿಗೆ ಬಿಟ್ಟುಕೊಡಬಾರದೆಂದು ಅಂವನನ್ನು ಕರೆತಂದೆ. ಎರಡು ಕೂದಲಿನ ಕುಂಚದಿಂದ ಡಬ್ಬಿಯ ನಂಬರು ಬರೆಯುವುದನ್ನು ಅಂವ ತಾನೇ ಕಲಿತ. ಮನಸ್ಸಿಗೆ ಬಂದ ನಂಬರು ಬರೆಯಲು ಒಪ್ಪುತ್ತಿರಲಿಲ್ಲ. ಗದಗ ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ನಿಂತು, ಕಣ್ಣಾರೆ ಕಂಡ ಡಬ್ಬಿಯ ನಂಬರನ್ನೇ ಬರೆದುಕೊಂಡು ಬರುತ್ತಿದ್ದ. ಹೊಸ ಡಬ್ಬಿ ನಮ್ಮ ಗಿರಾಕಿಗಳಿಗೆ ಬೇಡ, ಇಪ್ಪತ್ತು ವರ್ಷ ಕಲ್ಲಿದ್ದಲು ಹೊತ್ತದ್ದು ಬೇಕು. ನಾನು ಹೊಸದು ಮಾಡಿಕೊಡುತ್ತಿದ್ದೆ, ಅಂವ ಹಳೇದು ಮಾಡುತ್ತಿದ್ದ. ಅಂತೂರ ಬೆಂತೂರದ ಹೊಲದ ಎರಿ ಮಣ್ಣು ತಂದು, ನಿನ್ನ ಹಳೇ ಸೀರೆಯ ತುಂಡಿನಲ್ಲಿ ಸೋಸಿ, ಗಾಲಿಗೆ ಮೆತ್ತುತ್ತಿದ್ದ. ಮಳೆ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿಯೇ ತುಕ್ಕು ಹಚ್ಚುತ್ತಿದ್ದ.

ಇಲ್ಲಿಯವರೆಗೆ ನಿನಗೆ ಗೊತ್ತು.

ಪುಣೆಯ ಡಾಕ್ಟರು ಒಬ್ಬರು, ನಿವೃತ್ತರು, ಖಡಿ ಡಬ್ಬಿ ಬೇಕೆಂದರು. ಹಳಿಗಳ ನಡುವೆ ಖಡಿ ಸುರಿಯುವ ಡಬ್ಬಿ. ಅದರ ಹೊಟ್ಟೆಯಲ್ಲಿ ಬಾಗಿಲು ಇರುತ್ತವೆ, ಸಲಾಕಿ, ಸನ್ನೆಗೋಲು, ಬ್ರೇಕಿನ ಕಡ್ಡಿ, ಎಲ್ಲ ಒಂದರ ಮೇಲೊಂದು. ನಾನು ಜಾಣತನ ಮಾಡಿ ಹೊಟ್ಟೆಗೆ ಒಂದು ಸಪಾಟು ಹಾಳೆ ಅಂಟಿಸಿ ಕಳಿಸಿದೆ. ಹಳಿಯ ಮೇಲೆ ನಿಂತ ಡಬ್ಬಿಯ ಹೊಟ್ಟೆ ಯಾರು ನೋಡುತ್ತಾರೆ? ಡಾಕ್ಟರು ನೋಡಿದರು. ಡಬ್ಬಿ ಕೈಗೆ ಬಂದ ಕೂಡಲೇ ಬೋರಲು ಹಾಕಿ ನೋಡುವ ಜಾತಿ ಅವರದು. ಡಬ್ಬಿ ಹೊಳ್ಳಿ ಬಂತು. ಜೋಡಿಗೆ ಒಂದು ಚೀಟಿ: ಹೊಟ್ಟೆ ಸರಿ ಮಾಡಿದರೆ ಹದಿನೆಂಟು ಬೇಕು, ಇಲ್ಲದಿದ್ದರೆ ಒಂದೂ ಬೇಡ.

ನಕ್ಷೆ ಸಿಗಲಿಲ್ಲ. ಗೋದಾಮಿನ ಹಿಂದಿನ ಹಳೇ ಸೈಡಿಂಗಿನಲ್ಲಿ, ಬದಿಯ ಹಳಿಯ ಮೇಲೆ, ಅಂಥ ಐದು ಡಬ್ಬಿ ತಿಂಗಳಿಂದ ನಿಂತಿದ್ದವು. ಗಾಲಿಯ ಮಟ್ಟಕ್ಕೆ ಹುಲ್ಲು ಬೆಳೆದಿತ್ತು. ಅಲ್ಲಿ ಕಾಲಿಡಲು ಪರವಾನಗಿ ಬೇಕು. ಕೇಳಿದರೆ ಕೊಡುವುದಿಲ್ಲ ಎಂದು ನಾನು ಕೇಳಲೇ ಇಲ್ಲ. ತಿರಕಪ್ಪನೂ ನಾನೂ ಎರಡು ಸಲ ಹೋಗಿ ಬಂದೆವು. ನಮ್ಮದೊಂದು ಕಟ್ಟಳೆ ಇತ್ತು. ಒಬ್ಬ ಕೆಳಗೆ ತೂರಿ ಅಳತೆ ತೆಗೆಯಬೇಕು, ಇನ್ನೊಬ್ಬ ಸುತ್ತಿಗೆ ಹಿಡಿದು ಹೊರಗೆ ನಿಲ್ಲಬೇಕು. ದೂರದಲ್ಲಿ ಎಂಜಿನ್ ಕಂಡರೆ ಗಾಲಿಗೆ ಮೂರು ಪೆಟ್ಟು ಹಾಕಬೇಕು. ಅಂವ ತೆಳ್ಳಗಿದ್ದ, ಅದಕ್ಕೇ ಕೆಳಗೆ ಅಂವ. ನಾನು ಹೊರಗೆ.

ಮೂರನೇ ಸಲದ್ದು ಆ ಮಂಗಳವಾರ. ಅವತ್ತು ಅಂಗಡಿಯಲ್ಲಿ ಗಿರಾಕಿ ಇದ್ದ. ನಾನು ಹೋಗಲಿಲ್ಲ. ಅಂವನೊಬ್ಬನನ್ನೇ ಕಳಿಸಿದೆ.

ಸಾವಂತ್ರೆವ್ವ, ಅಂವ ಸಾಯಲು ಹೋದವನಲ್ಲ. ನಾನು ಹೇಳಿದ ಕೆಲಸಕ್ಕೆ ಹೋದವನು. ಈ ಒಂದು ಸಾಲು ಬರೆಯಲು ನನಗೆ ಮೂರು ವರ್ಷ ಹಿಡಿಯಿತು.

ಅವತ್ತು ನಿಮ್ಮ ಓಣಿಗೆ ನಳದ ನೀರು ಬರುವ ದಿನ. ನೀರು ತುಂಬುವುದು ಬಿಟ್ಟು ಹೊರಟನೆಂದು ನೀನು ಬೈದಿದ್ದೆ. ಆ ಬೈಗುಳ ನನಗೆ ಅವತ್ತೇ ಗೊತ್ತಿತ್ತು, ಯಾಕೆಂದರೆ ಅಂವ ಅಂಗಡಿಗೆ ಬಂದು ಅದನ್ನೇ ಹೇಳಿ ನಕ್ಕ. ಅಂವ ಅಂದ ಮಾತು ಅಕ್ಷರಶಃ ಬರೆಯುತ್ತೇನೆ: "ಅಣ್ಣಾರ, ಹನ್ನೊಂದಕ್ಕ ನನ್ನ ಬಿಟ್ಟಬಿಡ್ರಿ. ನೀರ ಬರೂದರಾಗ ನಾ ಮುಟ್ಟಲಿಲ್ಲಂದ್ರ ಆಕಿ ನನ್ನ ಕೊಡದಾಗ ತುರುಕಿ ಮ್ಯಾಲ ಮುಚ್ಚಳಾ ಹಾಕತಾಳ." ಹನ್ನೊಂದಕ್ಕೆ ಮನೆಗೆ ಹೋಗಿ ನೀರು ತುಂಬುವವನಿದ್ದ. ಸಾಯುವವನು ಹನ್ನೊಂದರ ಮಾತು ಆಡುವುದಿಲ್ಲ.

ಡಬ್ಬಿಗಳು ಅವತ್ತು ಬಹಳ ದೂರ ಸರಿಯಲಿಲ್ಲ. ಆಚೆ ತುದಿಯಲ್ಲಿ ಎಂಜಿನ್ ಬಂದು ಕೂಡಿತು, ಸಾಲು ಒಂದು ಮಾರಿನಷ್ಟು ಹಿಂದೆ ಬಂತು, ನಿಂತಿತು. ಒಂದು ಮಾರು ಅಂದರೆ ನಮ್ಮ ಅಳತೆಯಲ್ಲಿ ಎರಡು ಸೆಂಟಿಮೀಟರ್. ಮೇಜಿನ ಮೇಲೆ ಡಬ್ಬಿಗಳನ್ನು ದಿನಕ್ಕೆ ಹತ್ತು ಸಲ ಬೆರಳಿನಿಂದ ಅಷ್ಟು ದೂಡುತ್ತೇನೆ.

ಪೊಲೀಸರು ಅಂಗಡಿಗೆ ಬಂದು ಕೇಳಿದಾಗ ನಾನು ನಾಲ್ಕು ಮಾತು ಹೇಳಿದೆ. ಮುಂಜಾನೆ ಬಂದಿದ್ದ. ಮನೆಯಲ್ಲಿ ಜಗಳ ಆಗಿದೆ ಎಂದ. ಮೋರೆ ಸಣ್ಣದಾಗಿತ್ತು. ಎದ್ದು ಹೋದ, ಎಲ್ಲಿಗೆಂದು ಗೊತ್ತಿಲ್ಲ. ಇದರಲ್ಲಿ ಮೊದಲನೆಯ ಎರಡು ಖರೆ, ಉಳಿದ ಎರಡು ಸುಳ್ಳು. ಖರೆಯ ಪಕ್ಕದಲ್ಲಿ ಕೂತರೆ ಸುಳ್ಳನ್ನು ಯಾರೂ ಎಬ್ಬಿಸಿ ಕೇಳುವುದಿಲ್ಲ ಎಂಬುದು ವ್ಯಾಪಾರದಲ್ಲಿ ನಾನು ಕಲಿತ ವಿದ್ಯೆ. ಅವರು ನನ್ನ ಮಾತು ನಂಬಿ ಆತ್ಮಹತ್ಯೆ ಎಂದು ಕಾಗದ ಬರೆದರು. ಆ ಕಾಗದವನ್ನು ನೀನು ನಂಬಿದೆ. ಓಣಿಯವರು ನಿನ್ನ ಬಾಯಿಯ ಬಗ್ಗೆ ಆಡಿಕೊಂಡರು. ನೀನು ಬೆಟಗೇರಿ ಬಿಟ್ಟು ಹೊಂಬಳದ ತಮ್ಮನ ಮನೆಗೆ ಹೋದೆ. ನಾನು ದೀಪಾವಳಿಗೊಂದು ಸೀರೆ ಕಳಿಸಿದೆ, ಮೂರು ಸಲ. ಅಣ್ಣನ ಪ್ರೀತಿ ಎಂದು ನಿಮ್ಮ ಮನೆಯಲ್ಲಿ ಅಂದುಕೊಂಡಿರಬಹುದು. ಅದು ಹೆದರಿಕೆ. ಹೆದರಿಕೆಗೂ ಜರಿ ಅಂಚು ಇರುತ್ತದೆ.

ಈ ಶ್ರಾವಣದಲ್ಲಿ ನೀನು ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಿದ್ದೆ. ಒಳಗೆ ಬಾ ಎಂದರೂ ಬರಲಿಲ್ಲ. "ಅಣ್ಣಾರ, ಅವತ್ತ ಅಂವ ನನ್ನ ಬಗ್ಗೆ ಏನರೆ ಅಂದಿದ್ದನೇನ್ರಿ?" ಎಂದು ಕೇಳಿದೆ. ನಾನು ಏನೂ ಅಂದಿಲ್ಲ ಎಂದೆ. ಕೊಡದ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಹನ್ನೊಂದಕ್ಕೆ ಯಾವ ಕೆಲಸದಿಂದ ಬಿಡಬೇಕಿತ್ತು ಎಂದು ನೀನು ಕೇಳುತ್ತಿದ್ದೆ. ನೀನು ಎದ್ದು ಸೆರಗು ಝಾಡಿಸಿಕೊಂಡು ಹೋದೆ. ಗೇಟಿಗೆ ಹೋಗುವುದನ್ನು ಅದಾದ ಮರುವಾರ ಶುರು ಮಾಡಿದೆ ಎಂದು ಲಾಡಸಾಬ ಹೇಳಿದ. ವಾರ ಎಣಿಸಿ ನೋಡಿದೆ, ಹೊಂದುತ್ತದೆ.

ಇನ್ನೊಂದು ಇದೆ, ಅದನ್ನು ಬಿಟ್ಟರೆ ಪತ್ರ ಅರ್ಧವಾಗುತ್ತದೆ. ಆ ಹದಿನೆಂಟು ಡಬ್ಬಿ ನಾನು ಮಾಡಿ ಕಳಿಸಿದೆ. ಅಂವ ತೆಗೆದ ಅಳತೆಯಿಂದಲೇ ಮಾಡಿದೆ. ಸಲಾಕಿಗೆ ಸಲಾಕಿ, ಸನ್ನೆಗೆ ಸನ್ನೆ. ಹೊಟ್ಟೆ ಹೀಗಿರಬೇಕು ಎಂದು ಡಾಕ್ಟರು ಹೊಗಳಿ ಬರೆದರು. ತುಕ್ಕು ಹಚ್ಚಲು ಇಬ್ಬರನ್ನು ಕರೆಸಿದೆ, ಇಬ್ಬರಿಂದಲೂ ಆಗಲಿಲ್ಲ. ಬರೀ ಬಣ್ಣ ಹೊಡೆದು ಕಳಿಸಿದೆ.

ಇದರ ಜೋಡಿ ಅಂವನ ಅಳತೆಯ ವಹಿಯ ಕೊನೆಯ ಹಾಳೆ ಇಟ್ಟಿದ್ದೇನೆ. ಯಾರೋ ಹಮಾಲರು ಮರುದಿನ ತಂದುಕೊಟ್ಟರು. ಅದರಲ್ಲಿ ಹನ್ನೆರಡು ಅಳತೆ ಇವೆ, ಹದಿಮೂರನೆಯದರಲ್ಲಿ ಫೂಟು ಇದೆ, ಇಂಚು ಇಲ್ಲ. ನಿನ್ನ ತಮ್ಮನಿಗೆ ತೋರಿಸು, ಓಣಿಯವರಿಗೆ ತೋರಿಸು. ನಾಳೆ ಠಾಣೆಗೆ ಹೋಗಿ, ಅಂವನನ್ನು ಕೆಲಸಕ್ಕೆ ಕಳಿಸಿದ್ದು ನಾನೇ ಎಂದು ಬರೆಸುತ್ತೇನೆ. ನನ್ನನ್ನು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ನಾನು ಕೈ ಹಾಕುವುದು ಇದೇ ಮೊದಲು.

ನೀನು ಅಂದ ಮಾತಿಗೂ ಅಂವನ ಸಾವಿಗೂ ಸಂಬಂಧವಿಲ್ಲ. ಇದನ್ನು ಎರಡು ಸಲ ಓದು.

ನಿನ್ನ ಅಣ್ಣ ಎಂದು ಬರೆಯಲು ಕೈ ಹಿಂಜರಿಯುತ್ತಿದೆ, ಆದ್ದರಿಂದ ಬರೀ

ಉಳವಪ್ಪ

ತಾ.ಕ.: ಸೋಮವಾರ ಮಧ್ಯಾಹ್ನ. ಠಾಣೆಯಿಂದ ಈಗ ಬಂದೆ. ಪತ್ರ ಒಯ್ಯಲು ಲಾಡಸಾಬ ಬಾಗಿಲಲ್ಲಿ ನಿಂತಿದ್ದಾನೆ, ಹರಿದು ಹೊಸದಾಗಿ ಬರೆಯಲು ಸಮಯವಿಲ್ಲ. ಠಾಣೆಯಲ್ಲಿ ಸಪ್ನಾ ಎಂಬ ಹೆಣ್ಣುಮಗಳು ನನ್ನ ಹೇಳಿಕೆ ಬರೆದುಕೊಂಡಳು. ಸುಶ್ಮಿತಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ತಲೆ ಎತ್ತದೆ, "ನೀವು ಎಲ್ಲಿ ನಿಂತಿದ್ರಿ?" ಎಂದು ಕೇಳಿದಳು. ಎಲ್ಲಿ ಇದ್ರಿ ಎಂದು ಕೇಳಿದ್ದರೆ ಅಂಗಡಿಯಲ್ಲಿ ಎನ್ನುತ್ತಿದ್ದೆ, ಅದನ್ನೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಗೋಡೆಯ ಹಿಂದೆ ಎಂದುಬಿಟ್ಟೆ.

ನಾನು ಅಲ್ಲಿದ್ದೆ, ಸಾವಂತ್ರೆವ್ವ. ಗಿರಾಕಿ ಯಾರೂ ಬಂದಿರಲಿಲ್ಲ. ಸುತ್ತಿಗೆ ನನ್ನ ಕೈಯಲ್ಲಿತ್ತು. ಅಂವ ಕೆಳಗಿನಿಂದ ಅಳತೆ ಕೂಗುತ್ತಿದ್ದ, ನಾನು ಅಂವನ ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಡಾಕ್ಟರ ಫೋನು ಬಂತು, ಡಬ್ಬಿ ಯಾವಾಗ ಆಗುತ್ತವೆ ಎಂದು. ಗದ್ದಲಕ್ಕೆ ಅವರ ಮಾತು ಕೇಳಿಸಲಿಲ್ಲ. ವಹಿ ಕೆಳಗಿಟ್ಟು, ಒಂದು ಕಿವಿ ಮುಚ್ಚಿಕೊಂಡು ಗೋದಾಮಿನ ಗೋಡೆಯ ಹಿಂದೆ ಹೋದೆ. ಅದು ಯಾವ ಗದ್ದಲ ಎಂದು ನೋಡಲಿಲ್ಲ. ಹೊಳ್ಳಿ ಬಂದಾಗ ಡಬ್ಬಿ ಒಂದು ಮಾರು ಸರಿದು ನಿಂತಿದ್ದವು. ಅಂವ ಕೂಗುತ್ತಿರಲಿಲ್ಲ. ವಹಿ, ಟೇಪು ಎತ್ತಿಕೊಂಡು ಜನ ಕೂಡುವ ಮೊದಲೇ ಹಿಂದಿನ ಓಣಿಯಿಂದ ಅಂಗಡಿಗೆ ಬಂದೆ. ವಹಿಯನ್ನು ಹಮಾಲರು ತಂದುಕೊಟ್ಟರು ಎಂದದ್ದೂ ಸುಳ್ಳು. ಆ ಎರಡನ್ನೂ ಅಲ್ಲೇ ಬಿಟ್ಟು ಬಂದಿದ್ದರೂ ಸಾಕಿತ್ತು. ಅಂವ ಕೆಲಸಕ್ಕೆ ಬಂದಿದ್ದನೆಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು, ನಿನ್ನ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ.

ನಾಳೆ ಮಂಗಳವಾರ. ಗೇಟಿಗೆ ಹೋಗಬೇಡ. ನನಗೆ ಹತ್ತು ಗಂಟೆಗೆ ಮತ್ತೆ ಠಾಣೆಗೆ ಬರಲು ಹೇಳಿದ್ದಾರೆ. ಹೊಂಬಳದಿಂದ ಎಂಟೂವರೆಗೆ ಬಸ್ ಇದೆ. ಏನು ಅನ್ನಬೇಕೋ ಅಲ್ಲಿಗೆ ಬಂದು, ನನ್ನ ಮೋರೆ ನೋಡಿ ಅನ್ನು.