ಪಲ್ಲವಿಯ ಹಲ್ಲು, ನಮ್ಮ ಬೋರ್ ನೀರು

18-11-2025, ಮಂಗಳವಾರ

ಬೆಳಿಗ್ಗೆ ಮಗಳು ಪಲ್ಲವಿ ಬಚ್ಚಲಲ್ಲಿ ಇಟ್ಟಿಗೆ ಪುಡಿ ಹಾಕಿ ಹಲ್ಲು ಉಜ್ಜುತ್ತಿದ್ದಳು. ಉಗುಳಿದ್ದೆಲ್ಲ ರಕ್ತ. ಓಡಿಹೋಗಿ ಅವಳ ಕೈ ಹಿಡಿದೆ.

ಇವಳ ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನವರಿಗೆಲ್ಲ ಮೊಬೈಲಿನಲ್ಲಿ ಹಲ್ಲಿನ ಆ್ಯಪ್ ಹಾಕಿಸಿದ್ದಾರೆ. ಹಲ್ಲಿನ ಫೋಟೊ ತೆಗೆದರೆ ಅದು ಮಾರ್ಕ್ಸ್ ಕೊಡುತ್ತದೆ. ಇವಳಿಗೆ ದಿನಾ ಕೆಂಪು ಗುರುತು, ಇನ್ನೂ ಚೆನ್ನಾಗಿ ಉಜ್ಜಿ ಅಂತ. ಇವಳ ಹಲ್ಲಿನ ಹಳದಿ ಕಲೆ ನಮ್ಮ ಬೋರ್ ನೀರಿನದು, ನನಗೂ ಇದೆ, ನಮ್ಮತ್ತೆಗೂ ಇದೆ. ಯಾವ ನೀರು ಕುಡಿಯುತ್ತೀರಿ ಅಂತ ಆ್ಯಪ್ ಕೇಳಲೇ ಇಲ್ಲ.

"ನೀರಿಂದು ಕಣೇ, ಉಜ್ಜಿದ್ರೆ ಹೋಗಲ್ಲ" ಅಂದೆ.

"ಏಳ್ನೇ ಕ್ಲಾಸಿಗೇ ಇಸ್ಕೂಲ್ ಬಿಟ್ಟೋಳು ನೀನು. ಮೊಬೈಲಿಗಿಂತ ನಿಂಗೇ ಜಾಸ್ತಿ ಗೊತ್ತೈತೇನವ್ವ?"

ಅದಕ್ಕೇ ತಳಕಿನ ಆಸ್ಪತ್ರೆಯ ಸಿಸ್ಟರ್‌ಗೆ ಫೋನ್ ಮಾಡಿ ಅವಳ ಕೈಗೆ ಕೊಟ್ಟೆ. ಅವರೂ ನೀರಿನದೇ, ಅದರಲ್ಲಿ ಫ್ಲೋರೈಡ್ ಜಾಸ್ತಿ ಅಂದರು. ಸದ್ಯ, ಉಜ್ಜುವುದು ಬಿಟ್ಟಳು ಅಂದುಕೊಂಡೆ. ಈಗ ನೀರನ್ನೇ ಬಿಟ್ಟಿದ್ದಾಳೆ. ಮಧ್ಯಾಹ್ನದಿಂದ ಒಂದು ಗುಟುಕೂ ಇಲ್ಲ, ತುಟಿ ಒಣಗಿ ಸಿಪ್ಪೆ ಎದ್ದಿದೆ.

"ಅದುನ್ನ ಕುಡುದ್ರೆ ಇನ್ನೂ ಹಳದಿ ಆಗ್ತಾವೆ, ನಂಗ್ ಬ್ಯಾಡ" ಅಂತ ಗೋಡೆ ಕಡೆ ತಿರುಗಿ ಮಲಗಿದ್ದಾಳೆ.

ಫಿಲ್ಟರ್ ನೀರಿಗೆ ಬಿ.ಜಿ. ಕೆರೆ ಊರಿಗೇ ಹೋಗಬೇಕು, ಈಗ ರಾತ್ರಿ, ಬೆಳಗಾಗುವ ತನಕ ಬಸ್ಸಿಲ್ಲ. ಚೊಂಬು ಹಿಡಿದು ಮತ್ತೆ ಎಬ್ಬಿಸಬೇಕು. ಏನಂತ ಹೇಳಿ ಕುಡಿಸಲಿ? ಹುಟ್ಟಿದಾಗಿನಿಂದ ಈ ನೀರು ಕುಡಿಸಿದವಳು ನಾನೇ.